ಯಾರಿಗಾಗಿ ಮಾಡಬೇಕು: ಒಂದು ಆಪ್ತಸಲಹೆ ಪ್ರಕರಣ

ಯಲ್ಲಾಪುರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಸುಮಾರು ನಾಲ್ಕು ದಶಕ ಸಂಸಾರ ನಡೆಸಿದ, ಅರವತ್ತು ದಾಟಿದ ಮಹಿಳೆಯೊಬ್ಬರನ್ನು ಅವರ ಮಗ ನನ್ನ ಬಳಿಗೆ ಕರೆತಂದದ್ದು ‘ಅಮ್ಮ ಅಡುಗೆಮನೆಗೆ ಕಾಲಿಡುತ್ತಿಲ್ಲ’ ಎಂಬ ದೂರಿನೊಂದಿಗೆ. ಪತಿ ತೀರಿಕೊಂಡು ಎರಡು ವರ್ಷ ತುಂಬುತ್ತಿತ್ತು. ತೋಟವನ್ನು ದಾಯಾದಿಗಳಿಗೆ ನೋಡಿಕೊಳ್ಳಲು ಬಿಟ್ಟು, ಬೆಂಗಳೂರಿನಲ್ಲಿ ಮಗ-ಸೊಸೆಯ ಜೊತೆ ಬಹುಮಹಡಿ ಕಟ್ಟಡದ ಹನ್ನೊಂದನೆಯ ಅಂತಸ್ತಿನಲ್ಲಿ ನೆಲೆಸಿ ವರ್ಷದ ಮೇಲಾಗಿತ್ತು. ರಾತ್ರಿ ನಿದ್ದೆ ಕಡಿಮೆ, ಹಗಲು ಮಾತು ಕಡಿಮೆ. ಏನು ಕೇಳಿದರೂ ‘ನಿಮಗೆ ಬೇಕಾದ ಹಾಗೆ ಮಾಡಿ’ ಎನ್ನುತ್ತಾರೆಂದು ಮಗ ವಿವರಿಸಿದರು. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಈ ವಯಸ್ಸಿನಲ್ಲಿ ನಿರುತ್ಸಾಹಕ್ಕೆ ದೇಹದ ಕಾರಣಗಳೂ ಇರುವುದರಿಂದ, ಮಾತುಕತೆಗೆ ಮೊದಲು ಥೈರಾಯ್ಡ್, ಬಿ12 ಜೀವಸತ್ವ, ರಕ್ತಹೀನತೆ, ಕಿವಿ ಮತ್ತು ಕಣ್ಣಿನ ತಪಾಸಣೆಗಳನ್ನು ಮಾಡಿಸಿಕೊಂಡು ಬರುವಂತೆ ಕೇಳಿದೆ. ಮೊದಲಿನಿಂದಲೂ ಇದ್ದ ರಕ್ತದೊತ್ತಡವನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪ್ರಶ್ನಾವಳಿಯಲ್ಲಿ 10 ಅಥವಾ ಅದಕ್ಕಿಂತ ಹೆಚ್ಚಿನ ಅಂಕ ಬಂದರೆ ಮಧ್ಯಮ ಪ್ರಮಾಣದ ಖಿನ್ನತೆಯನ್ನು ಶಂಕಿಸುವುದು ರೂಢಿ. ಇವರ ಅಂಕ ಅದಕ್ಕಿಂತ ಸ್ವಲ್ಪ ಕೆಳಗಿತ್ತು, ಬದುಕು ಬೇಡವೆನಿಸುವ ಯೋಚನೆಗಳೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣವಾದ ಐಸಿಡಿ-11, ಆರು ತಿಂಗಳು ಮೀರಿಯೂ ದಿನನಿತ್ಯದ ಬದುಕನ್ನು ಕುಂಠಿತಗೊಳಿಸುವ ತೀವ್ರ ಶೋಕವನ್ನು ಪ್ರತ್ಯೇಕ ಸಮಸ್ಯೆಯೆಂದು ಗುರುತಿಸುತ್ತದೆ. ಆದರೆ ಈ ತಾಯಿ ಪತಿಯ ಬಗ್ಗೆ ಸಹಜವಾಗಿ, ಕೆಲವೊಮ್ಮೆ ನಗುತ್ತಲೂ ಮಾತನಾಡುತ್ತಿದ್ದರು. ಅವರ ಮಾತು ನಿಲ್ಲುತ್ತಿದ್ದದ್ದು ಬೇರೆ ಕಡೆ, ಉಪ್ಪಿನಕಾಯಿಯ ವಿಷಯ ಬಂದಾಗ.

ಊರಿನಿಂದ ಬರುವಾಗ ಅವರು ಉಪ್ಪಿಗೆ ಹಾಕಿದ ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಬಳಸುವ ಪರಿಮಳದ ಎಳೆ ಮಾವಿನಕಾಯಿಯ, ಎರಡು ಭರಣಿಗಳನ್ನು ಜೊತೆಗೆ ತಂದಿದ್ದರು. ಫ್ಲಾಟಿನ ಹಿಂಬಾಲ್ಕನಿಯಲ್ಲಿ ಅವುಗಳಿಗೆ ಜಾಗ ಸಾಲದೆ, ಸೊಸೆ ಮಿಡಿಗಳನ್ನು ಪ್ಲಾಸ್ಟಿಕ್ ಡಬ್ಬಿಗಳಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು, ಭರಣಿಗಳನ್ನು ತೊಳೆದು ನಡುಮನೆಯಲ್ಲಿ ಒಣಹೂಗಳನ್ನು ಸಿಕ್ಕಿಸಿ ಅಲಂಕಾರಕ್ಕೆ ಇಟ್ಟರು. ಅತ್ತೆಯ ನೆನಪಿನ ವಸ್ತುವಿಗೆ ಗೌರವದ ಸ್ಥಾನ ಕೊಟ್ಟೆನೆಂಬ ಸಂತೋಷ ಸೊಸೆಗೆ ನಿಜವಾಗಿಯೂ ಇತ್ತು. ಅತ್ತೆ ಏನೂ ಹೇಳಲಿಲ್ಲ. ಕೆಲವು ತಿಂಗಳ ನಂತರ, ತಾಯಿಯ ಮಂಕುತನವನ್ನು ಕಂಡ ಮಗ ಕಟ್ಟಡದ ನಿವಾಸಿಗಳ ವಾಟ್ಸ್‌ಆಪ್ ಗುಂಪಿನಲ್ಲಿ ‘ಮಲೆನಾಡಿನ ಮನೆ ಉಪ್ಪಿನಕಾಯಿ’ ಎಂದು ಪ್ರಕಟಿಸಿ, ಬಂದ ಬೇಡಿಕೆಗಳ ಪಟ್ಟಿಯನ್ನು ತಾಯಿಯ ಕೈಗಿತ್ತರು. ಒಬ್ಬರಿಗೆ ಉಪ್ಪು ಕಡಿಮೆ ಬೇಕು, ಇನ್ನೊಬ್ಬರಿಗೆ ತೊಟ್ಟು ಬೇಡ, ಮತ್ತೊಬ್ಬರಿಗೆ ಭಾನುವಾರದೊಳಗೆ ಬೇಕು. ಪಟ್ಟಿಯಲ್ಲಿದ್ದುದನ್ನೆಲ್ಲ ಅವರು ಮುಗಿಸಿಕೊಟ್ಟರು, ಹಣವೂ ಬಂತು. ಅಡುಗೆಮನೆಗೆ ಕಾಲಿಡುವುದು ನಿಂತದ್ದು ಅದಾದ ಮೇಲೆ.

ನಮ್ಮ ವೃತ್ತಿಯಲ್ಲಿ ‘ಯಾವುದಾದರೂ ಹವ್ಯಾಸ ಬೆಳೆಸಿಕೊಳ್ಳಿ’ ಎಂಬ ಸಲಹೆಯನ್ನು ಮಾತ್ರೆ ಬರೆದುಕೊಡುವಷ್ಟು ಸುಲಭವಾಗಿ ಕೊಡುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಈ ತಾಯಿಗಂತೂ ಅದು ಅವಮಾನವಾಗಿ ಕೇಳಿಸುತ್ತಿತ್ತು, ಏಕೆಂದರೆ ಅವರು ಮಾಡುತ್ತಿದ್ದ ಯಾವ ಕೆಲಸವೂ ಹೊತ್ತು ಕಳೆಯುವುದಕ್ಕಾಗಿ ಇದ್ದದ್ದಲ್ಲ. ಫಾಲ್ಗುಣ, ಚೈತ್ರದಲ್ಲಿ ಮಿಡಿ. ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಮಾವಿನ ಹಣ್ಣಿನ ಮಾಂಬಳ, ಮುರುಗಲ ಹಣ್ಣಿನ ಸಿಪ್ಪೆಯನ್ನು ಸಕ್ಕರೆಯಲ್ಲಿ ನೆನೆಸಿಟ್ಟ ಪಾನಕದ ರಸ. ಮಳೆ ಹಿಡಿಯುವ ಮೊದಲು ಹಲಸಿನ ತೊಳೆಗಳನ್ನು ಉಪ್ಪಿನಲ್ಲಿ ಹೂತಿಡುವುದು. ಪೇಟೆಗೆ ಹೋಗಿಬರುವುದೇ ಕಷ್ಟವಾದ ಆಷಾಢದ ದಿನಗಳಲ್ಲಿ ಊಟದ ಎಲೆಯ ಮೇಲೆ ಏನಿರಬೇಕೆಂಬುದನ್ನು ಬಿಸಿಲಿನ ದಿನಗಳಲ್ಲೇ ನಿರ್ಧರಿಸಿ ಮಾಡಿಡುವ ಹೊಣೆ ಅವರದಾಗಿತ್ತು. ಹತ್ತು ನಿಮಿಷದಲ್ಲಿ ದಿನಸಿ ಬಾಗಿಲಿಗೆ ಬರುವ ಮನೆಯಲ್ಲಿ ಆ ಹೊಣೆಗೆ ಜಾಗವೇ ಇರಲಿಲ್ಲ. ಎರಡನೆಯ ಭೇಟಿಯಲ್ಲಿ ಅವರು ತಮ್ಮ ಮನೆಮಾತಿನಲ್ಲಿ ಕೇಳಿದ್ದು ಇಷ್ಟೇ: ‘ಎಂತಕ್ಕೆ ಮಾಡವು, ಯಾರಿಗೆ ಮಾಡವು?’ (ಯಾತಕ್ಕೆ ಮಾಡಬೇಕು, ಯಾರಿಗೆ ಮಾಡಬೇಕು?)

ಈ ಪ್ರಶ್ನೆಗೆ ಉತ್ತರ ಹುಡುಕಲು, ಮಿಡಿ ಹಾಕುವ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನನಗೆ ಬಿಡಿಸಿ ಹೇಳುವಂತೆ ಕೇಳಿಕೊಂಡೆ. ಅಲ್ಲಿಯವರೆಗೆ ಒಂದೊಂದೇ ಮಾತಿನಲ್ಲಿ ಉತ್ತರಿಸುತ್ತಿದ್ದವರು ಆ ದಿನ ನಿಗದಿಯಾದ ಸಮಯ ಮೀರಿ ಮಾತನಾಡಿದರು. ಅಘನಾಶಿನಿ, ಶರಾವತಿಯಂಥ ಹೊಳೆಗಳ ದಂಡೆಯಲ್ಲಿ ತಾವಾಗಿ ಬೆಳೆದ ಮಾವಿನ ಮರಗಳಲ್ಲಿ ಪ್ರತಿಯೊಂದರ ಮಿಡಿಗೂ ಬೇರೆಯೇ ಪರಿಮಳ, ಬೇರೆಯೇ ಹುಳಿ; ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ ಎಂದು ಅವುಗಳಿಗೆ ಹೆಸರುಗಳೇ ಇವೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿರುವುದು ಅವರಿಗೆ ಗೊತ್ತಿತ್ತು, ಆದರೆ ಅದನ್ನು ಅವರು ಅಷ್ಟಾಗಿ ಲೆಕ್ಕಕ್ಕೆ ಹಿಡಿದಂತಿರಲಿಲ್ಲ. ಮಿಡಿಯನ್ನು ನೆಲಕ್ಕೆ ಬೀಳಿಸದೆ, ತೊಟ್ಟಿನ ಸಮೇತ ಕೊಯ್ಯಬೇಕು. ಪೆಟ್ಟು ಬಿದ್ದದ್ದು ಭರಣಿಯಲ್ಲಿ ಮೆತ್ತಗಾಗಿ ಉಳಿದವನ್ನೂ ಕೆಡಿಸುತ್ತದೆ. ತೊಟ್ಟು ಸ್ವಲ್ಪ ಉಳಿಸಿ ಕತ್ತರಿಸಿದರೆ ಸೊನೆ ಒಳಗೇ ನಿಲ್ಲುತ್ತದೆ, ಪರಿಮಳವಿರುವುದು ಆ ಸೊನೆಯಲ್ಲಿ. ತೊಳೆದು, ಬಟ್ಟೆಯಲ್ಲಿ ಒರೆಸಿ, ಹರಳುಪ್ಪಿನ ಜೊತೆ ಪದರ ಪದರವಾಗಿ ತುಂಬಿ ಮೇಲೆ ಭಾರ ಹೇರಿದರೆ, ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆದು, ಕೆಲವು ವಾರಗಳಲ್ಲಿ ಮಿಡಿ ಮುರುಟಿ ತನ್ನದೇ ಉಪ್ಪುನೀರಿನಲ್ಲಿ ಮುಳುಗುತ್ತದೆ. ಆ ನೀರನ್ನು ಕುದಿಸಿ ಆರಿಸಿ, ಅದರಲ್ಲಿ ಸಾಸಿವೆ, ಒಣಮೆಣಸು, ಅರಿಸಿನ ಅರೆದು ಬೆರೆಸುವುದು ಆಮೇಲಿನ ಮಾತು. ಮೆಣಸು ಬ್ಯಾಡಗಿಯದೇ ಆಗಬೇಕು, ಬಣ್ಣಕ್ಕೆ. ಒದ್ದೆ ಕೈ ತಾಗಿದರೆ ವರ್ಷದ ಶ್ರಮ ಹಾಳು.

ಅವರ ಮಾತಿನಲ್ಲಿ ನನಗೆ ಮುಖ್ಯವಾಗಿ ಕಂಡವು ಎರಡು ಸಂಗತಿಗಳು. ಮೊದಲನೆಯದು ಕಾಲ. ಇಂದು ಉಪ್ಪಿಗೆ ಹಾಕಿದ್ದನ್ನು ಉಣ್ಣುವುದು ಬರುವ ಮಳೆಗಾಲದಲ್ಲಿ, ಕೆಲವೊಮ್ಮೆ ಅದರಾಚೆಯ ಮಳೆಗಾಲದಲ್ಲಿ; ಆದ್ದರಿಂದ ಈ ಕೆಲಸ ಮಾಡುವವರು ಮುಂದಿನ ವರ್ಷವೊಂದಿದೆ, ಅದರಲ್ಲಿ ತಾನೂ ತನ್ನವರೂ ಇದ್ದೇವೆ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಿರಬೇಕಾಗುತ್ತದೆ. ಸಂಗಾತಿಯನ್ನು ಕಳೆದುಕೊಂಡವರಿಗೆ ಕಷ್ಟವಾಗುವುದು ಇದೇ ಒಪ್ಪಿಗೆ. ಎರಡನೆಯದು ಉಣ್ಣುವವರು. ಅವರ ಲೆಕ್ಕದಲ್ಲಿ ಪ್ರತಿ ಭರಣಿಗೂ ಒಬ್ಬ ಒಡೆಯನಿದ್ದ: ಇದು ತವರಿಗೆ, ಇದು ನಾದಿನಿಯ ಮನೆಗೆ, ಇದು ತೋಟದ ಕೆಲಸದವರ ಊಟಕ್ಕೆ, ಖಾರ ಕಡಿಮೆಯದು ಮಾವನವರಿಗೆ. ‘ಈ ಸಲ ಉಪ್ಪು ಮುಂದಾಯಿತು’ ಎಂದು ಆಡಿತೋರಿಸುವವರೂ ಅವರೇ. ವಾಟ್ಸ್‌ಆಪ್ ಗುಂಪಿನಿಂದ ಗಿರಾಕಿಗಳು ಬಂದರು. ಬಾಟಲಿ ಕೊಂಡುಹೋದ ಮೇಲೆ ಅದರ ರುಚಿಯ ಬಗ್ಗೆ ಯಾರೂ ಅವರೊಡನೆ ಮಾತನಾಡಲಿಲ್ಲ. ಶಿರಸಿ, ಸಾಗರದ ಕಡೆ ಮಿಡಿ ಉಪ್ಪಿನಕಾಯಿಯನ್ನು ಮಾರಿ ಸಂಸಾರ ತೂಗಿಸುವ ಮಹಿಳೆಯರಿದ್ದಾರೆ, ಅವರಿಗೆ ಮಾರಾಟದಲ್ಲೇ ಘನತೆಯಿದೆ, ಸ್ವಾತಂತ್ರ್ಯವಿದೆ. ಈ ತಾಯಿಗೆ ಹಣದ ಅಗತ್ಯವಿರಲಿಲ್ಲ. ಮಾರಲು ತಾವು ತೀರ್ಮಾನಿಸಿದ್ದೂ ಅಲ್ಲ.

ಹೀಗಾಗಿ ನನ್ನ ಸಲಹೆಯ ಹೆಚ್ಚಿನ ಪಾಲು ಮಾಡುವವರಿಗಲ್ಲದೆ ಉಣ್ಣುವವರಿಗೆ ಹೋಯಿತು.

ತಾಯಿಗೆ ಕೊಟ್ಟ ಅಭ್ಯಾಸ ಸರಳವಾದದ್ದು. ಒಂದು ವಾರ ಕಾಲ, ದಿನದ ಪ್ರತಿಯೊಂದು ಕೆಲಸದ ಮುಂದೆ ಅದು ಕೊಟ್ಟ ಹಿತಕ್ಕೆ ಒಂದು ಅಂಕ, ಅದರಲ್ಲಿ ತನ್ನ ಕೈ ಸಾಗಿತೆಂಬ ಭಾವಕ್ಕೆ ಇನ್ನೊಂದು ಅಂಕ, ಸೊನ್ನೆಯಿಂದ ಹತ್ತರವರೆಗೆ, ಬರೆದಿಡುವುದು. ಖಿನ್ನತೆಯ ಚಿಕಿತ್ಸೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮವಿದು. ಟಿವಿ ಎರಡರಲ್ಲೂ ಕೆಳಗಿತ್ತು. ಸಂಜೆಯ ದೇವಸ್ಥಾನ ನಡುಮಟ್ಟದಲ್ಲಿತ್ತು. ಮನೆಯವರು ಯಾರೂ ಗಮನಿಸದ ಕೆಲಸವೊಂದು ಎರಡನೆಯ ಅಂಕದಲ್ಲಿ ಎಲ್ಲವನ್ನೂ ಮೀರಿತ್ತು: ಮಧ್ಯಾಹ್ನ ಕೋಣೆಯಲ್ಲಿ ಕುಳಿತು ಅವರು ಹಳೆಯ ನೂಲಿನ ಸೀರೆಗಳ ಅಂಚು ಬಿಚ್ಚುತ್ತಿದ್ದರು. ಯಲ್ಲಾಪುರದ ಕಡೆ ಸಿದ್ಧಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗಳನ್ನು ಅವರು ನೋಡಿ ಬಲ್ಲರು. ತೋಟದ ಕೆಲಸಕ್ಕೆ ಬರುತ್ತಿದ್ದ ಸಿದ್ಧಿ ಹೆಣ್ಣುಮಗಳೊಬ್ಬಳಿಂದ ಹೊಲಿಗೆಯನ್ನು ಕಲಿತೂ ಇದ್ದರು. ಆ ಕೌದಿಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ಒಳಕ್ಕೆ ಹೊಲಿಯುತ್ತಾರೆ. ಮೂಲೆಗಳಿಗೆ ಬಟ್ಟೆಯ ತುಣುಕನ್ನು ಮಡಚಿ ಹೂವಿನಂತೆ ಕೂರಿಸದಿದ್ದರೆ ಕೆಲಸ ಪೂರ್ತಿಯಾದಂತಲ್ಲ. ಬಿಚ್ಚುವುದು ಸಾಗಿತ್ತು, ಹೊಲಿಯಲು ಮಾತ್ರ ಅವರು ತೊಡಗಿರಲಿಲ್ಲ. ಪತಿಯ ಪಂಚೆಗಳೂ ಆ ಗಂಟಿನಲ್ಲಿದ್ದವು.

ತೀರಿಕೊಂಡವರ ಬಟ್ಟೆಗೆ ಕತ್ತರಿ ಹಾಕಿಸುವ ಆತುರ ಆಪ್ತಸಲಹೆಗಾರರಿಗೆ ಸಲ್ಲದು. ಕೆಲವರಿಗೆ ಅದರಿಂದ ಹಗುರವಾಗುತ್ತದೆ, ಕೆಲವರಿಗೆ ಹೊಸ ಗಾಯವಾಗುತ್ತದೆ. ಪಂಚೆಗಳನ್ನು ಬದಿಗಿಟ್ಟು ಸೀರೆಗಳಿಂದಲೇ ತೊಡಗಬಹುದು, ಯಾರಿಗೆಂಬುದನ್ನು ಮಾತ್ರ ಮೊದಲೇ ತೀರ್ಮಾನಿಸಿಕೊಳ್ಳಿ ಎಂದೆ. ಹಾಸ್ಟೆಲಿಗೆ ಹೊರಟಿದ್ದ ಮೊಮ್ಮಗಳನ್ನು ಅವರು ಆರಿಸಿಕೊಂಡರು. ಕೆಲವು ವಾರಗಳ ನಂತರ, ನಾನು ಕೇಳದೆಯೇ, ಪಂಚೆಗಳನ್ನು ಒಳಪದರಕ್ಕೆ ಹಾಕಿದ್ದಾಗಿ ತಿಳಿಸಿದರು.

ಮಗನಿಗೆ ನಾನು ಹೇಳಿದ್ದು ಮೂರು ಮಾತು. ತಾಯಿಯ ಕೆಲಸಕ್ಕೆ ಬೆಲೆ ಕಟ್ಟುವುದನ್ನು ನಿಲ್ಲಿಸಿ. ಮುಂದೆ ಅವರಾಗಿಯೇ ಮಾರಲು ಬಯಸಿದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯಂಥ ಓಡಾಟವನ್ನು ಮಾತ್ರ ನೀವು ವಹಿಸಿಕೊಳ್ಳಿ. ‘ಸುಮ್ಮನೆ ಯಾಕೆ ಕಷ್ಟಪಡುತ್ತೀ, ಅಂಗಡಿಯಲ್ಲಿ ಸಿಗುತ್ತದೆ’ ಎಂಬ ಮಾತನ್ನು ಬಿಡಿ, ಪ್ರೀತಿಯಿಂದ ಆಡಿದರೂ ಅದು ನೀನು ಬೇಡವೆಂದೇ ಕೇಳಿಸುತ್ತದೆ. ಮೂರನೆಯದಾಗಿ, ಊಟಕ್ಕೆ ಕುಳಿತಾಗ ಫೋನನ್ನು ಬದಿಗಿಟ್ಟು ರುಚಿ ನೋಡಿ, ಚೆನ್ನಾಗಿಲ್ಲದಿದ್ದರೆ ಹಾಗೆಂದೇ ಹೇಳಿ. ಕೊನೆಯ ಮಾತು ಅವರಿಗೆ ವಿಚಿತ್ರವಾಗಿ ಕಂಡಿತು. ಹೊಗಳಿಕೆಯನ್ನು ಯಾರಿಗಾದರೂ ಕೊಡಬಹುದು. ರುಚಿಯ ಬಗ್ಗೆ ತಕರಾರು ತೆಗೆಯುವುದು, ಮುಂದಿನ ಸಲವೂ ಇವರೇ ಮಾಡುತ್ತಾರೆಂದು ನಂಬಿದವರು ಮಾತ್ರ.

ಸೊಸೆಯೊಡನೆ ಪ್ರತ್ಯೇಕವಾಗಿ ಮಾತನಾಡಿದೆ. ಉಪ್ಪುನೀರಿನ ವಾಸನೆ ಆಗುವುದಿಲ್ಲವೆಂದು ಅವರು ನೇರವಾಗಿಯೇ ಹೇಳಿದರು, ಆ ನೇರತನ ನನಗೆ ಹಿಡಿಸಿತು. ಇಷ್ಟಪಟ್ಟಂತೆ ನಟಿಸಬೇಕಿಲ್ಲ, ನಿಮಗೆ ನಿಜವಾಗಿ ಬೇಕಾದ ಒಂದನ್ನು ಅವರಲ್ಲಿ ಕೇಳಿ ಎಂದೆ. ಅವರು ಕೇಳಿದ್ದು ಮುರುಗಲ ರಸವನ್ನು. ಮಾತು ಮುಂದುವರಿದಾಗ, ಮೈಸೂರಿನ ಕಡೆಯ ತಮ್ಮ ತವರಿನಲ್ಲಿ ತಾಯಿ ಹಾಕುತ್ತಿದ್ದ ಅರಳು ಸಂಡಿಗೆ ತಮಗೆ ಬರುತ್ತದೆಂದೂ, ಮದುವೆಯಾದ ಮೇಲೆ ಒಮ್ಮೆಯೂ ಮಾಡಿಲ್ಲವೆಂದೂ ತಿಳಿಯಿತು. ಅತ್ತೆಗೆ ಅರಳು ಸಂಡಿಗೆ ಬರುತ್ತಿರಲಿಲ್ಲ. ಅದನ್ನು ಅತ್ತೆಗೆ ಕಲಿಸಿಕೊಡುವಂತೆ ನಾನು ಸೂಚಿಸಿದ್ದಕ್ಕೆ ಕಾರಣವಿದೆ: ಹಿರಿಯರಿಂದ ಕಿರಿಯರು ಕಲಿಯಬೇಕೆಂಬ ಉಪದೇಶ ಎಲ್ಲ ಮನೆಗಳಲ್ಲೂ ಇದೆ, ಆದರೆ ಹೊಸ ಮನೆಯಲ್ಲಿ ತನ್ನ ಜಾಗ ಹುಡುಕುತ್ತಿರುವ ಹಿರಿಯರಿಗೆ ಕಲಿಸುವುದಕ್ಕಿಂತ ಕಲಿಯುವುದು ಹೆಚ್ಚು ಸಲೀಸು; ಕಲಿಯುವವರ ಮುಂದೆ ನಾಳೆಯೆಂಬುದೊಂದು ಇರುತ್ತದೆ. ಬೂದುಗುಂಬಳದ ತುರಿ, ಅರಳು, ಹಸಿಮೆಣಸು, ಇಂಗು ಎಲ್ಲವೂ ಸುಲಭವಾಗಿ ಸಿಕ್ಕವು. ಸಿಗದಿದ್ದದ್ದು ಬಿಸಿಲು. ತಾರಸಿಯಲ್ಲಿ ಏನನ್ನೂ ಒಣಗಿಸಬಾರದೆಂಬ ಕಟ್ಟಡದ ನಿಯಮಕ್ಕೆ ಮೂರು ನಾಲ್ಕು ದಿನಗಳ ವಿನಾಯಿತಿ ಪಡೆಯಲು ಅತ್ತೆ-ಸೊಸೆ ಒಟ್ಟಿಗೆ ಹೋಗಿ ವಾದಿಸಬೇಕಾಯಿತು. ನನ್ನ ದೃಷ್ಟಿಯಲ್ಲಿ ಆ ವಾದ ಸಂಡಿಗೆಗಿಂತ ಹೆಚ್ಚು ಕೆಲಸ ಮಾಡಿತು.

ಭರಣಿಗಳಲ್ಲಿ ಒಂದು ಹಿಂಬಾಲ್ಕನಿಗೆ ಮರಳಿದೆ, ಇನ್ನೊಂದು ಒಣಹೂಗಳ ಸಮೇತ ನಡುಮನೆಯಲ್ಲೇ ಇದೆ. ಈ ಏರ್ಪಾಟನ್ನು ಸೂಚಿಸಿದವರು ತಾಯಿಯೇ. ನಿದ್ದೆ ಸುಧಾರಿಸಿದೆ, ಪಿಎಚ್‌ಕ್ಯೂ-9 ಅಂಕ ಇಳಿದಿದೆ. ಊರಿನ ಹಂಬಲ ಕಡಿಮೆಯಾಗಿಲ್ಲ, ಆಗಬೇಕೆಂದು ನಾನು ಹೇಳಿಯೂ ಇಲ್ಲ. ಇದನ್ನು ಓದಿ ತಮ್ಮ ಮನೆಯ ಹಿರಿಯರ ಮುಂದೆ ಭರಣಿ, ಸೂಜಿ ತಂದಿಡಲು ಹೊರಡುವವರಿಗೆ ಒಂದು ಎಚ್ಚರಿಕೆ ಅಗತ್ಯ. ಊಟ ಸೇರದೆ ತೂಕ ಇಳಿಯುತ್ತಿದ್ದರೆ, ಸ್ನಾನ, ಬಟ್ಟೆಯ ಕಡೆಗೂ ಗಮನವಿಲ್ಲದಿದ್ದರೆ, ಮರೆವು ಹೆಚ್ಚುತ್ತಿದ್ದರೆ, ಬದುಕಿದ್ದು ಏನು ಪ್ರಯೋಜನ ಎಂಬ ಮಾತು ಬರುತ್ತಿದ್ದರೆ, ಕೈಕೆಲಸವನ್ನು ನೆಚ್ಚಿ ಕೂರದೆ ಮನೋವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಬಗೆಹರಿಯದೆ ಉಳಿದಿರುವುದು ಉಪ್ಪಿನ ವಿಚಾರ. ವಯಸ್ಕರೊಬ್ಬರು ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ರಕ್ತದೊತ್ತಡಕ್ಕೆ ಮಾತ್ರೆ ನುಂಗುವ ಈ ತಾಯಿ ಮಜ್ಜಿಗೆ ಅನ್ನಕ್ಕೆ ಒಂದು ಮಿಡಿ ಇಲ್ಲದೆ ಏಳುವುದಿಲ್ಲ. ಸಾರು, ಪಲ್ಯಗಳ ಉಪ್ಪನ್ನು ಇಳಿಸಿ, ಮಿಡಿಯನ್ನು ಅರ್ಧಕ್ಕೆ ತರಲು ಅವರು ಒಪ್ಪಿದ್ದಾರೆ; ಅರ್ಧಕ್ಕೆ ಅವರ ವೈದ್ಯರು ಇನ್ನೂ ಒಪ್ಪಿಲ್ಲ. ಮುಂದಿನ ಭೇಟಿಯನ್ನು ಮಿಡಿಯ ಕಾಲ ಶುರುವಾಗುವ ಮೊದಲೇ ಇಟ್ಟುಕೊಂಡಿದ್ದೇವೆ, ಈ ವರ್ಷ ಎಷ್ಟು ಮಿಡಿ ಹಾಕಬೇಕು, ಅದರಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಮೂವರೂ ಕುಳಿತು ಬರೆದು ತರುವುದೆಂದು ಗೊತ್ತುಮಾಡಲಾಗಿದೆ.