ಕೇರಳದ ಮನೆಗೆ ಮಂಗಳೂರಿನ 'ರಾಕ್ಣೊ' ಯಾಕೆ ಬರುತ್ತದೆ?

ನಮ್ಮ ಕಾಸರಗೋಡು ಕಡೆಯ ಕ್ರೈಸ್ತರ ಮನೆಯಲ್ಲಿ ಕನ್ನಡ ಅಕ್ಷರದ ಪತ್ರಿಕೆ ನೋಡಿ, ಓದಲು ಹೋದರೆ ಅರ್ಥವಾಗಲಿಲ್ಲ ಎಂದು ಕೆಲವರು ಹೇಳುವುದುಂಟು. ಅದು ಕೊಂಕಣಿ, ಕನ್ನಡ ಲಿಪಿಯಲ್ಲಿ ಬರೆದದ್ದು. ಪತ್ರಿಕೆಯ ಹೆಸರು 'ರಾಕ್ಣೊ'. ಮಂಗಳೂರು ಧರ್ಮಪ್ರಾಂತ್ಯದ, ಅಂದರೆ ಅಲ್ಲಿನ ಕ್ಯಾಥೊಲಿಕ್ ಬಿಷಪರ ಆಡಳಿತದ, ವಾರಪತ್ರಿಕೆ.

ಕೇರಳದಲ್ಲಿದ್ದೂ ಮಂಗಳೂರಿನ ಪತ್ರಿಕೆ ಏಕೆ ಅಂದರೆ, ಇಗರ್ಜಿಯ (ಚರ್ಚಿನ) ಗಡಿ ರಾಜ್ಯದ ಗಡಿಗಿಂತ ಹಳೆಯದು. ಮಂಗಳೂರು ಧರ್ಮಪ್ರಾಂತ್ಯ ಆದದ್ದು 1887ರಲ್ಲಿ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಆದರೆ ಬೇಳ, ಕಯ್ಯಾರು, ಮಂಜೇಶ್ವರ, ವರ್ಕಾಡಿ ಇಗರ್ಜಿಗಳು ಇವತ್ತಿಗೂ ಮಂಗಳೂರು ಬಿಷಪರ ಕೆಳಗೇ ಇವೆ. ಸರ್ಕಾರಿ ಕಾಗದ ತಿರುವನಂತಪುರದಿಂದ, ಬಿಷಪರ ಪತ್ರ ಮಂಗಳೂರಿನ ಕೊಡಿಯಾಲ್‌ಬೈಲಿನಿಂದ!

'ರಾಕ್ಣೊ' ಶುರುವಾದದ್ದು 1938ರಲ್ಲಿ. ಫಾದರ್ ಸಿಲ್ವೆಸ್ಟರ್ ಮಿನೇಜಸ್ ಮೊದಲ ಸಂಪಾದಕರು. ಅದಕ್ಕೂ ಮುಂಚೆ, 1912ರಲ್ಲೇ, ಲೂವಿಸ್ ಮಸ್ಕರೇನ್ಹಸ್ ಅವರು 'ಕೊಂಕಣಿ ದಿರ್ವೆಂ' ಪತ್ರಿಕೆ ಹೊರತಂದು ದಾರಿ ಮಾಡಿಕೊಟ್ಟಿದ್ದರು. ಅಚ್ಚಿನ ಕೆಲಸವೂ ಮಂಗಳೂರಿಗೆ ಹೊಸದಲ್ಲ. ಜೆಸುಯಿಟ್ ಪಾದ್ರಿಗಳ ಕೊಡಿಯಾಲ್‌ಬೈಲ್ ಪ್ರೆಸ್ 1882ರಿಂದಲೇ ಇತ್ತು.

ಬರೀ ಪ್ರಾರ್ಥನೆ, ಉಪದೇಶ ಎಂದುಕೊಳ್ಳಬೇಡಿ. ಕಥೆ, ಕವಿತೆ, ಊರೂರಿನ ಇಗರ್ಜಿ ಸುದ್ದಿ ಎಲ್ಲ ಇರುತ್ತದೆ. ನಮ್ಮಲ್ಲಿ ಎಷ್ಟೋ ಹಿರಿಯರಿಗೆ ಮನೆಮಾತನ್ನು ಅಚ್ಚಿನಲ್ಲಿ ಓದುವ ಅಭ್ಯಾಸ ಆದದ್ದೇ ಇಂಥ ಪತ್ರಿಕೆಗಳಿಂದ. ಶಾಲೆಯಲ್ಲಿ ಕಲಿತದ್ದು ಕನ್ನಡ, ಮನೆಯಲ್ಲಿ ಆಡಿದ್ದು ಕೊಂಕಣಿ, ಎರಡೂ ಒಂದೇ ಹಾಳೆಯಲ್ಲಿ ಸೇರಿದವು. ಗೋವಾದವರು ಕೊಂಕಣಿಯನ್ನು ದೇವನಾಗರಿಯಲ್ಲಿ, ರೋಮಿಯಲ್ಲಿ (ಇಂಗ್ಲಿಷ್ ಅಕ್ಷರದಲ್ಲಿ) ಬರೆಯುತ್ತಾರೆ. ನಮ್ಮವರಿಗೆ ಕನ್ನಡ ಅಕ್ಷರವೇ ಹತ್ತಿರ.

ಅದಕ್ಕೇ ನನಗೆ ಚಿಂತೆ ಜಾಸ್ತಿ. 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಇಲ್ಲಿನ ಕನ್ನಡಿಗರು ಬೀದಿಗಿಳಿದರು. ಸುಮ್ನೆ ಹಟಕ್ಕಲ್ಲ. ಮಲಯಾಳ ಕಲಿಯುವುದು ಒಳ್ಳೆಯದೇ, ಇಲ್ಲಿ ಬದುಕಲು ಬೇಕೇ ಬೇಕು. ಆದರೆ ಕನ್ನಡ ಅಕ್ಷರ ಕೈಬಿಟ್ಟರೆ ಕನ್ನಡದ ಜೊತೆಗೆ ನಮ್ಮ ಕೊಂಕಣಿಯ ಓದೂ ಹೋಗುತ್ತದೆ, ಅಲ್ವಾ? ಇಂಗ್ಲಿಷ್ ಮೀಡಿಯಂಗೆ ಹೋಗುವ ಎಷ್ಟೋ ಮಕ್ಕಳಿಗೆ ಈಗಾಗಲೇ 'ರಾಕ್ಣೊ' ಓದಿ ಹೇಳಬೇಕು. ಕೇಳಿದರೆ ಪೂರ್ತಿ ಅರ್ಥವಾಗುತ್ತದೆ, ಕೈಗೆ ಕೊಟ್ಟರೆ ಒಂದು ಸಾಲೂ ಓದಲಾಗುವುದಿಲ್ಲ.