ಈಗ ಲ್ಯಾಪ್‌ಟಾಪ್ ತಗೊಂಡು, ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಬಹುದಾ?

ನೀವು ಕೇಳಿದ್ದು ಇಷ್ಟು: ಊರು ಹೊಸನಗರದ ಕಡೆ, ಇಂಜಿನಿಯರಿಂಗ್ ಓದ್ತಿದೀರಿ, ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಕಲೀಬೇಕು. ಸದ್ಯಕ್ಕೆ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ತಗೊಂಡು, ಬರೋ ವರ್ಷ ಅಡಿಕೆ ಮಂಡಿಗೆ ಹೋದಮೇಲೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಬಹುದಾ ಅಂತ.

ಆಗಲ್ಲ. ಅಂಗಡಿಯವರು "ಆಮೇಲೆ ಹಾಕಿಸ್ಕೊಳ್ಳಿ ಸಾರ್" ಅಂದ್ರೂ ಆಗಲ್ಲ. ನನಗೂ ಹಾಗೇ ಹೇಳಿ ಮಾರಿದ್ರು. ನಾನು ತೀರ್ಥಹಳ್ಳಿಯಲ್ಲಿ ಮದುವೆ, ಉಪನಯನದ ವಿಡಿಯೊ ಎಡಿಟ್ ಮಾಡೋನು. ಎರಡು ವರ್ಷ ತೇಕುತ್ತಾ ಓಡಿಸಿ, ಕೊನೆಗೆ ಲ್ಯಾಪ್‌ಟಾಪ್ ಹೊತ್ಕೊಂಡು ಶಿವಮೊಗ್ಗದ ಬಸ್ ಹತ್ತಿದೆ. ರಿಪೇರಿ ಹುಡುಗ ಹಿಂದಿನ ಮುಚ್ಚಳ ಬಿಚ್ಚಿದ್ರೆ, ಫ್ಯಾನ್ ಬಾಯಲ್ಲಿ ಅಡಿಕೆ ಸಿಪ್ಪೆಯ ಧೂಳು ಕಂಬಳಿ ತುಂಡಿನ ಹಾಗೆ ಕೂತಿತ್ತು. ಅಡಿಕೆ ಸುಲಿಯೋ ಜಾಗದ ಪಕ್ಕದ ಕೋಣೆಯಲ್ಲೇ ನನ್ನ ಎಡಿಟಿಂಗು. ಚಿಮಟದಲ್ಲಿ ಎಳೆದ, ಇಡಿಯಾಗೇ ಬಂತು. ಅದರ ಕೆಳಗೆ ತಾಮ್ರದ ಕೊಳವೆ, ಕೊಳವೆ ಅಡಿಗೆ ಒಂದೇ ಒಂದು ಚಿಪ್. "ಪ್ರೊಸೆಸರ್ ಇದೇ, ಗ್ರಾಫಿಕ್ಸೂ ಇದರೊಳಗೇ. ಕಾರ್ಡ್ ಎಲ್ಲಿ ಚುಚ್ಚಲಿ, ಜಾಗ ನೀವೇ ತೋರಿಸಿ ಅಣ್ಣ" ಅಂದ.

ಡೆಸ್ಕ್‌ಟಾಪಿನಲ್ಲಿ ಕಾರ್ಡ್ ಅನ್ನೋದು ನಿಜವಾಗಲೂ ಕಾರ್ಡು. ಸ್ಲಾಟಿನಿಂದ ಕೀಳಬಹುದು, ಬೇರೆ ಕೂರಿಸಬಹುದು. ಲ್ಯಾಪ್‌ಟಾಪಿನಲ್ಲಿ ಆ ಹೆಸರು ಮಾತ್ರ ಉಳಿದಿದೆ. ಚಿಪ್ಪಿನ ಹೊಟ್ಟೆಯ ಕೆಳಗಿರೋ ಸಾಸಿವೆಗಿಂತ ಸಣ್ಣ ಬೆಸುಗೆ ಗುಂಡುಗಳನ್ನ ಫ್ಯಾಕ್ಟರಿಯಲ್ಲೇ ಮದರ್‌ಬೋರ್ಡಿಗೆ ಕರಗಿಸಿ ಕೂರಿಸಿರ್ತಾರೆ, ಅದರ ಮೆಮೊರಿಯನ್ನೂ ಪಕ್ಕದಲ್ಲೇ. ಯಾರೋ ಗಟ್ಟಿಗ ಅದನ್ನ ಕಿತ್ತು ಬೇರೆ ಚಿಪ್ ಕೂರಿಸಿದ ಅಂತಲೇ ಇಟ್ಕೊಳ್ಳಿ. ಅದಕ್ಕೆ ಕರೆಂಟ್ ಕೊಡೋ ಸರ್ಕ್ಯೂಟು, ಬಿಸಿ ಎಳೆಯೋ ಕೊಳವೆ, ಚಿಪ್ಪನ್ನ ಗುರುತು ಹಿಡಿಯೋ ಬಯೋಸ್ ಅನ್ನೋ ಒಳಗಿನ ಸಾಫ್ಟ್‌ವೇರ್ ಎಲ್ಲ ಹಳೇದಕ್ಕೇ ಅಳತೆ ಮಾಡಿ ಮಾಡಿದ್ದು.

ಹಾಗಂತ ಲೋಕದಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಮೊದಲು ಎಂಎಕ್ಸ್‌ಎಂ ಅಂತ ಬಿಚ್ಚಿ ಹಾಕೋ ಕಾರ್ಡು ಬರ್ತಿತ್ತು, ಭಾರದ ಗೇಮಿಂಗ್ ಲ್ಯಾಪ್‌ಟಾಪು, ವರ್ಕ್‌ಸ್ಟೇಷನ್ನುಗಳಲ್ಲಿ. ಅದೂ ಎಲ್ಲ ಕಾರ್ಡು ಎಲ್ಲದಕ್ಕೂ ಹೊಂದ್ತಿರಲಿಲ್ಲ. ಈಗ ಫ್ರೇಮ್‌ವರ್ಕ್ ಕಂಪನಿಯ 16 ಇಂಚಿನ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಭಾಗವನ್ನೇ ಹಿಂದಿನಿಂದ ಬದಲಾಯಿಸಬಹುದು: 2024ರಲ್ಲಿ ರೇಡಿಯಾನ್ 7700ಎಸ್ ಜೊತೆ ಬಂತು, ಮಾರನೇ ವರ್ಷ ಅದೇ ಜಾಗಕ್ಕೆ ಎನ್‌ವಿಡಿಯಾ 5070 ಕೊಟ್ರು. ಓದಿ ಸಂತೋಷಪಡೋಣ. ನಮ್ಮ ಬಜೆಟ್ಟಿನ ಮಾತಲ್ಲ ಅದು.

ಇನ್ನು ಹೊರಗಿನಿಂದ ಕಾರ್ಡ್ ಜೋಡಿಸೋ ದಾರಿ, ಇಜಿಪಿಯು. ಡೆಸ್ಕ್‌ಟಾಪ್ ಕಾರ್ಡನ್ನ ಒಂದು ಪೆಟ್ಟಿಗೆಯಲ್ಲಿಟ್ಟು ಥಂಡರ್‌ಬೋಲ್ಟ್ ಅನ್ನೋ ವೇಗದ ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಕೊಡೋದು. ನಿಮ್ಮ ಟೈಪ್-ಸಿ ಪೋರ್ಟ್ ನೋಡೋಕೆ ಒಂದೇ ಥರ ಇದ್ದರೂ ಅದು ಥಂಡರ್‌ಬೋಲ್ಟ್ ಆಗಿರಬೇಕಂತಿಲ್ಲ, ಅದು ಮೊದಲ ತೊಡಕು. ಎರಡನೇದು, ಥಂಡರ್‌ಬೋಲ್ಟ್ 3 ಅಥವಾ 4ರ ವೇಗ ಸೆಕೆಂಡಿಗೆ 40 ಗಿಗಾಬಿಟ್. ಡೆಸ್ಕ್‌ಟಾಪಿನ ಕಾರ್ಡ್ ಕೂರೋ ನಾಲ್ಕನೇ ತಲೆಮಾರಿನ ದೊಡ್ಡ ಪಿಸಿಐಇ ಸ್ಲಾಟಿಗೆ ಅದು ಸುಮಾರು 250. ರೆಂಡರಿಂಗಿಗೆ, ಅಂದ್ರೆ 3ಡಿ ದೃಶ್ಯವನ್ನ ಚಿತ್ರ, ವಿಡಿಯೊ ಮಾಡಿಸೋದಕ್ಕೆ ಪರವಾಗಿಲ್ಲ, ಗೇಮಿಗೆ ಗೊತ್ತಾಗುತ್ತೆ. ಪೆಟ್ಟಿಗೆ, ಪವರ್ ಸಪ್ಲೈ, ಕಾರ್ಡು ಎಲ್ಲ ಸೇರಿಸಿ ಲೆಕ್ಕ ಹಾಕಿದ್ರೆ ಆ ದುಡ್ಡಿಗೆ ಮನೆಯಲ್ಲೊಂದು ಡೆಸ್ಕ್‌ಟಾಪ್ ಇಡೋದೇ ಒಳ್ಳೇದು ಅನಿಸುತ್ತೆ. ಅದಲ್ಲದೆ ಆ ಪೆಟ್ಟಿಗೆಗೆ ಬ್ಯಾಟರಿ ಇಲ್ಲ. ಆಷಾಢದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದ್ರೆ ಲ್ಯಾಪ್‌ಟಾಪ್ ಉಳಿಯುತ್ತೆ, ಕಾರ್ಡ್ ಕಣ್ಣುಮುಚ್ಚುತ್ತೆ, ಅರ್ಧ ಆದ ರೆಂಡರ್ ಗೋತಾ. ನಿಮ್ಮ ಕಡೆ ಮಳೆಗಾಲ ಹೇಗೆ ಅಂತ ನಾನೇನೂ ಹೇಳಬೇಕಾಗಿಲ್ಲ.

ಹಾಗಾದ್ರೆ ಏನ್ ಮಾಡೋದು? ಲೆಕ್ಕ ತಿರುಗಿಸಿ ಹಾಕಿ. ಆಮೇಲೆ ಹಾಕಿಸೋಕೆ ಆಗದ್ದನ್ನ ಈಗ ತಗೊಳ್ಳಿ, ಆಗೋದನ್ನ ಅಡಿಕೆ ದುಡ್ಡಿಗೆ ಬಿಡಿ. ರ‍್ಯಾಮು, ಎಸ್‌ಎಸ್‌ಡಿ ಎರಡೂ ಬಹಳಷ್ಟು ಗೇಮಿಂಗ್ ಮಾಡೆಲ್‌ಗಳಲ್ಲಿ ಸ್ಕ್ರೂ ಬಿಚ್ಚಿ ಹಾಕೋವು. 8 ಜಿಬಿ ರ‍್ಯಾಮ್ ಇದ್ದು ಒಂದು ಸ್ಲಾಟ್ ಖಾಲಿ ಇರೋ, ಎನ್‌ವಿಡಿಯಾ ಆರ್‌ಟಿಎಕ್ಸ್ ಗ್ರಾಫಿಕ್ಸ್ ಇರೋ ಮಾಡೆಲ್ ಹುಡುಕಿ. ತೆಳ್ಳಗಿನವುಗಳಲ್ಲಿ ರ‍್ಯಾಮೂ ಬೆಸುಗೆ ಹಾಕಿರ್ತಾರೆ, ಕೇಳಿಯೇ ತಗೊಳ್ಳಿ.

ಅಂಗಡಿಯಲ್ಲಿ ಎರಡು ಅಂಕಿ ಕೇಳಿ. ಒಂದು ಗ್ರಾಫಿಕ್ಸ್ ಮೆಮೊರಿ: ಆರ್‌ಟಿಎಕ್ಸ್ 3050 ಅಂತ ಒಂದೇ ಹೆಸರಲ್ಲಿ 4 ಜಿಬಿಯದೂ ಇದೆ, 6 ಜಿಬಿಯದೂ ಇದೆ. ಬ್ಲೆಂಡರಿಗೆ 6 ಇರಲಿ. ಇನ್ನೊಂದು ವ್ಯಾಟ್, ಅಂದ್ರೆ ಗ್ರಾಫಿಕ್ಸ್ ಚಿಪ್ ಎಷ್ಟು ಕರೆಂಟ್ ಎಳೆಯೋಕೆ ಬಿಟ್ಟಿದಾರೆ ಅನ್ನೋದು; ಅದು ಕಮ್ಮಿ ಆದ್ರೆ ವೇಗವೂ ಕಮ್ಮಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಅನ್ನೋದು 35ರಿಂದ 115 ವ್ಯಾಟಿನವರೆಗೆ ಎಲ್ಲಿ ಬೇಕಾದ್ರೂ ಇರಬಹುದು, ಸ್ಟಿಕ್ಕರ್ ಮಾತ್ರ ಒಂದೇ. ಕೌಂಟರಿನವರಿಗೆ ಗೊತ್ತಿಲ್ಲದಿದ್ರೆ ಕಂಪನಿ ಸೈಟಿನಲ್ಲಿ ಈ ವ್ಯಾಟನ್ನೇ ಟಿಜಿಪಿ ಅಂತ ಬರೆದಿರ್ತಾರೆ, ಅಲ್ಲೇ ನಿಂತು ಮೊಬೈಲಲ್ಲಿ ನೋಡಿ.

ಏನೇ ಮಾಡಿದ್ರೂ ಕಾರ್ಡಿರೋದಕ್ಕೆ ದುಡ್ಡು ಸಾಲದಿದ್ರೆ, ಕಾರ್ಡಿಲ್ಲದ್ದರಲ್ಲೂ ಎರಡು ಸ್ಲಾಟಿನದು ನೋಡಿ, ಎರಡಕ್ಕೂ ರ‍್ಯಾಮ್ ಹಾಕಿಸಿ. ಇಂಟೆಲ್‌ನ ಪ್ರೊಸೆಸರೊಳಗಿನ ಗ್ರಾಫಿಕ್ಸ್ ಐರಿಸ್ ಎಕ್ಸ್‌ಇ ಒಂಟಿ ರ‍್ಯಾಮಿನಲ್ಲಿ ಅದಕ್ಕಿಂತ ಕೆಳದರ್ಜೆಯ ಯುಎಚ್‌ಡಿ ಅಂತ ತೋರಿಸ್ಕೊಂಡು ಕುಂಟುತ್ತೆ. ನನ್ನ ಹಳೇದಕ್ಕೆ ಆ ಹುಡುಗ ಮಾಡಿಕೊಟ್ಟಿದ್ದೂ ಅಷ್ಟೇ: ಇನ್ನೊಂದು ರ‍್ಯಾಮು, ಹೊಸ ಥರ್ಮಲ್ ಪೇಸ್ಟು, ಫ್ಯಾನ್ ಕ್ಲೀನು. ಆಮೇಲೂ ಒಂದು ವರ್ಷ ಅದರಲ್ಲೇ ಮದುವೆ ಕತ್ತರಿಸಿದೆ, ಸುಲಿಯೋ ಜಾಗದಿಂದ ಎರಡು ಕೋಣೆ ಆಚೆ ಕೂತು.