ಓದುಗರ ಪ್ರಶ್ನೆ: ಹಗ್ಗ, ಹಡಗು ಮತ್ತು 380 ತಿಮಿಂಗಿಲಗಳು

ಅಮೆರಿಕ ಮತ್ತು ಕೆನಡಾದ ಪೂರ್ವ ಕರಾವಳಿಗುಂಟ ಬದುಕುವ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳಲ್ಲಿ ಈಗ ಉಳಿದಿರುವುದು ಸುಮಾರು 380. ಅವುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಬೇಟೆ ನಿಂತು ಎಷ್ಟೋ ದಶಕಗಳಾದವು. ಆದರೂ ಸಂಖ್ಯೆ ಏಕೆ ಏರುತ್ತಿಲ್ಲ? (ಧಾರವಾಡ)

ಏರಿತ್ತು. 1935ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆ ಸಿಕ್ಕ ಮೇಲೆ ನಿಧಾನವಾಗಿ ಹೆಚ್ಚುತ್ತಾ ಬಂದು, 2010ರ ಹೊತ್ತಿಗೆ 480ರ ಆಸುಪಾಸು ತಲುಪಿತ್ತು. ಆಮೇಲೆ ಕುಸಿಯಿತು. ಇವುಗಳ ಮುಖ್ಯ ಆಹಾರ ಕ್ಯಾಲನಸ್ ಎಂಬ, ಅಕ್ಕಿಕಾಳಿನಷ್ಟು ಗಾತ್ರದ ಕಠಿಣಚರ್ಮಿ. ಅಮೆರಿಕದ ಈಶಾನ್ಯ ಕರಾವಳಿಯ ಮೇನ್ ಕೊಲ್ಲಿಯ ನೀರು ಬಿಸಿಯಾಗಿ ಅದು ಅಲ್ಲಿ ವಿರಳವಾದಾಗ ತಿಮಿಂಗಿಲಗಳು ಮೇವು ಹುಡುಕಿಕೊಂಡು ಉತ್ತರಕ್ಕೆ, ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋದವು. ಅಲ್ಲಿ ಹಡಗುಗಳಿಗೂ ಏಡಿ ಮೀನುಗಾರಿಕೆಗೂ ಇವುಗಳನ್ನು ಲೆಕ್ಕಕ್ಕಿಟ್ಟುಕೊಂಡ ನಿಯಮಗಳಿರಲಿಲ್ಲ. 2017ರಲ್ಲಿ ಕೆನಡಾದಲ್ಲಿ 12, ಅಮೆರಿಕದಲ್ಲಿ 5 ಹೆಣಗಳು ಸಿಕ್ಕವು. ಅದರ ಬೆನ್ನಿಗೆ ಬಂದ ಚಳಿಗಾಲದಲ್ಲಿ ಜಾರ್ಜಿಯಾ–ಫ್ಲಾರಿಡಾದ ಹೆರಿಗೆ ನೀರಿನಲ್ಲಿ ಒಂದೇ ಒಂದು ಮರಿಯೂ ಕಾಣಲಿಲ್ಲ.

ಇನ್ನೊಂದು ವಿಷಯ. 2003ರಿಂದ 2018ರವರೆಗಿನ ಸಾವುಗಳಲ್ಲಿ ಕಾರಣ ಖಚಿತವಾದವನ್ನು ನೋಡಿದರೆ, ವಯಸ್ಕ ಮತ್ತು ಹರೆಯದ ತಿಮಿಂಗಿಲಗಳೆಲ್ಲ ಸತ್ತಿದ್ದು ಹಗ್ಗದಿಂದ ಅಥವಾ ಹಡಗಿನಿಂದ. ಸಹಜ ಸಾವು ಕಂಡದ್ದು ಮರಿಗಳಲ್ಲಿ ಮಾತ್ರ.

ಹದಿನೈದು ಮೀಟರ್ ಉದ್ದದ ಪ್ರಾಣಿಯನ್ನು ಮೀನುಗಾರರ ಹಗ್ಗ ಹಿಡಿದಿಡುತ್ತದೆ ಎಂದರೆ ನಂಬುವುದು ಹೇಗೆ? (ಮಲ್ಪೆ)

ಹಿಡಿದು ನಿಲ್ಲಿಸುವುದಿಲ್ಲ, ಜೊತೆಗೇ ಹೋಗುತ್ತದೆ. ಅನಾಹುತ ಇರುವುದೇ ಅಲ್ಲಿ.

ಲಾಬ್‌ಸ್ಟರ್ ಮತ್ತು ಏಡಿ ಹಿಡಿಯುವ ಪಂಜರಗಳನ್ನು ಸಮುದ್ರದ ತಳದಲ್ಲಿ ಇಡುತ್ತಾರೆ. ಪಂಜರದಿಂದ ಮೇಲಿನ ತೇಲುಬುರುಡೆಯವರೆಗೆ ಒಂದು ಹಗ್ಗ ನೆಟ್ಟಗೆ ನಿಂತಿರುತ್ತದೆ. ಒಂದೇ ಸಾಲಿನ ಪಂಜರಗಳನ್ನು ಪರಸ್ಪರ ಜೋಡಿಸುವ ಹಗ್ಗ ಇನ್ನೊಂದು. ರೈಟ್ ತಿಮಿಂಗಿಲ ಬಾಯಿ ತೆರೆದುಕೊಂಡೇ ಈಜುತ್ತಾ ಮೇಯುತ್ತದೆ. ಹಗ್ಗ ಬಾಯಿಯ ಜರಡಿಪಟ್ಟಿಗಳ ನಡುವೆ ಸಿಕ್ಕಿದೊಡನೆ ಅದು ಗಾಬರಿಯಿಂದ ಹೊರಳುತ್ತದೆ. ಹೊರಳಿದಷ್ಟೂ ಹಗ್ಗ ಈಜುರೆಕ್ಕೆಗೆ, ಬಾಲದ ಬುಡಕ್ಕೆ ಸುತ್ತಿಕೊಳ್ಳುತ್ತದೆ. ಮುಂದೆ ತಿಂಗಳುಗಟ್ಟಲೆ ಅದನ್ನು ಎಳೆದುಕೊಂಡೇ ತಿರುಗಬೇಕು. ಚರ್ಮ, ಕೊಬ್ಬು ಸೀಳಿ ಹಗ್ಗ ಎಲುಬಿನವರೆಗೂ ಇಳಿಯುತ್ತದೆ. ಮೇವು ಕಡಿಮೆ, ಎಳೆತಕ್ಕೆ ಬೇಕಾದ ಶಕ್ತಿ ಹೆಚ್ಚು. ಕೊಬ್ಬಿದ ತಿಮಿಂಗಿಲ ಸತ್ತರೆ ತೇಲುತ್ತದೆ, ಬಡಕಲಾಗಿ ಸತ್ತದ್ದು ಮುಳುಗುತ್ತದೆ. ಹೀಗಾಗಿ ನಡೆದ ಸಾವುಗಳಲ್ಲಿ ನಮ್ಮ ಕಣ್ಣಿಗೆ ಬೀಳುವುದು ಸುಮಾರು ಮೂರನೇ ಒಂದರಷ್ಟು.

ಬದುಕಿ ಉಳಿದವುಗಳ ಪಾಡೂ ಚೆನ್ನಾಗಿಲ್ಲ. ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ತಿಮಿಂಗಿಲಗಳ ಮೈಮೇಲೆ ಒಮ್ಮೆಯಾದರೂ ಹಗ್ಗಕ್ಕೆ ಸಿಕ್ಕಿದ ಗಾಯದ ಗುರುತಿದೆ. ಈಗಿನ ಪೀಳಿಗೆ 1980ರ ದಶಕದ ಆರಂಭದಲ್ಲಿ ಹುಟ್ಟಿದವುಗಳಿಗಿಂತ ಸುಮಾರು ಒಂದು ಮೀಟರ್ ಗಿಡ್ಡ. ಮೂರು ವರ್ಷಕ್ಕೊಮ್ಮೆ ಮರಿ ಹಾಕುತ್ತಿದ್ದ ಹೆಣ್ಣುಗಳು ಈಗ ಆರರಿಂದ ಹತ್ತು ವರ್ಷ ತೆಗೆದುಕೊಳ್ಳುತ್ತಿವೆ. ಮರಿ ಹಾಕಬಲ್ಲ ಹೆಣ್ಣುಗಳು ಇರುವುದೇ ಸುಮಾರು 70.

ಪರಿಹಾರಗಳಲ್ಲಿ ಮೊದಲನೆಯದು, ಪಂಜರಗಳ ನಡುವಿನ ಹಗ್ಗ ಕಮಾನಿನಂತೆ ಮೇಲೇಳದೆ ತಳದಲ್ಲೇ ಮಲಗಬೇಕೆಂಬ ನಿಯಮ. ಅದು ಅಮೆರಿಕದಲ್ಲಿ 2009ರಿಂದ ಇದೆ. ಎರಡನೆಯದು ದುರ್ಬಲ ಹಗ್ಗ: 1,700 ಪೌಂಡ್, ಅಂದರೆ ಸುಮಾರು 770 ಕಿಲೊ ಎಳೆತಕ್ಕೆ ತುಂಡಾಗುವಂಥದ್ದು. ಇದು ವಯಸ್ಕ ತಿಮಿಂಗಿಲಕ್ಕೆ ನೆರವಾದೀತು, ಮರಿಗೆ ಅದನ್ನೂ ಹರಿಯುವ ಬಲವಿಲ್ಲ. ನಮ್ಮ ದೃಷ್ಟಿಯಲ್ಲಿ ಇದು ಅರೆ ಪರಿಹಾರ. ಮೂರನೆಯದೇ ಸರಿಯಾದ ದಾರಿ, ನಿಂತ ಹಗ್ಗವನ್ನೇ ನೀರಿನಿಂದ ತೆಗೆಯುವುದು. ಹಗ್ಗ ಮತ್ತು ಬುರುಡೆ ಪಂಜರದ ಜೊತೆಗೇ ತಳದಲ್ಲಿರುತ್ತವೆ. ದೋಣಿ ಬಂದು ಶಬ್ದಸಂಕೇತ ಕಳಿಸಿದಾಗ ಕೊಂಡಿ ಬಿಚ್ಚಿ ಬುರುಡೆ ಮೇಲೆ ಬರುತ್ತದೆ, ಅಥವಾ ಗಾಳಿಚೀಲ ಉಬ್ಬಿ ಪಂಜರವನ್ನೇ ಎತ್ತುತ್ತದೆ. ತೊಡಕು ಎರಡು. ಒಂದು, ಬೆಲೆ. ಇನ್ನೊಂದು, ಮೇಲೆ ಬುರುಡೆ ಕಾಣದಿದ್ದರೆ ಬೇರೆಯವನು ಅದೇ ಜಾಗದಲ್ಲಿ ಪಂಜರ ಇಳಿಸಿ ಅಥವಾ ಬಲೆ ಎಳೆದು ಎಲ್ಲವನ್ನೂ ಸಿಕ್ಕುಮಾಡುತ್ತಾನೆ. ಹಾಗಾಗಿ ಪ್ರತಿ ಪಂಜರದ ಸ್ಥಾನ ಎಲ್ಲ ದೋಣಿಗಳ ಪರದೆಯಲ್ಲೂ ಕಾಣುವ ವ್ಯವಸ್ಥೆ ಬೇಕು.

ಹಗ್ಗ ಕತ್ತರಿಸಿ ಬಿಡಿಸಲು ಆಗುವುದಿಲ್ಲವೇ? (ತುಮಕೂರು)

ತರಬೇತಾದ ತಂಡಗಳು ಮಾಡುತ್ತವೆ. ಎಳೆದಾಡುವ ಹಗ್ಗಕ್ಕೆ ದೊಡ್ಡ ಬುರುಡೆಗಳನ್ನು ಕಟ್ಟಿ ತಿಮಿಂಗಿಲವನ್ನು ದಣಿಸಿ, ರಬ್ಬರ್ ದೋಣಿಯಿಂದ ಉದ್ದ ಕೋಲಿನ ತುದಿಯ ಕೊಕ್ಕೆಗತ್ತಿಯಿಂದ ಕತ್ತರಿಸುತ್ತಾರೆ. ಯಾರೂ ನೀರಿಗೆ ಇಳಿಯುವುದಿಲ್ಲ. ಹಾಗಿದ್ದೂ 2017ರ ಜುಲೈನಲ್ಲಿ ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ ಒಂದು ತಿಮಿಂಗಿಲವನ್ನು ಬಿಡಿಸಿದ ಮರುಗಳಿಗೆಯೇ ಕೆನಡಾದ ರಕ್ಷಕರೊಬ್ಬರು ಅದರ ಹೊಡೆತಕ್ಕೆ ಸಿಕ್ಕಿ ತೀರಿಕೊಂಡರು. ಇದು ತುರ್ತು ಚಿಕಿತ್ಸೆ, ಯೋಜನೆಯಲ್ಲ.

ತಿಮಿಂಗಿಲಕ್ಕೆ ಹಡಗಿನ ಸದ್ದು ಕೇಳಿಸುವುದಿಲ್ಲವೇ? ವೇಗ ತಗ್ಗಿಸಿದರೆ ಏನು ಲಾಭ? (ಮಂಗಳೂರು)

ಕೇಳಿಸುತ್ತದೆ, ಆದರೆ ಸದಾ ಗದ್ದಲದಲ್ಲೇ ಇರುವ ಪ್ರಾಣಿ ಅದಕ್ಕೆ ದಾರಿ ಬಿಡುವುದಿಲ್ಲ. ಇವು ನಿಧಾನಿಗಳು, ಮೇಲ್ಮೈ ಬಳಿಯೇ ಇರುತ್ತವೆ, ಬೆನ್ನಿನ ಮೇಲೆ ರೆಕ್ಕೆಯಿಲ್ಲದ ಕಪ್ಪು ಮೈ ನಾವಿಕನಿಗೆ ಕಾಣುವುದೂ ಕಷ್ಟ. ಡಿಕ್ಕಿಯಾದಾಗ ಹಡಗು 15 ನಾಟ್ ವೇಗದಲ್ಲಿದ್ದರೆ ಸಾವಿನ ಸಂಭವ ಸುಮಾರು ಶೇ 80, 8.6 ನಾಟ್‌ನಲ್ಲಿದ್ದರೆ ಶೇ 20 ಎಂದು 2007ರ ಅಧ್ಯಯನವೊಂದು ಲೆಕ್ಕ ಹಾಕಿತು. 2008ರಲ್ಲಿ ಅಮೆರಿಕ 65 ಅಡಿ ಮತ್ತು ಅದಕ್ಕಿಂತ ಉದ್ದದ ನೌಕೆಗಳಿಗೆ ನಿಗದಿತ ಪ್ರದೇಶ, ನಿಗದಿತ ತಿಂಗಳುಗಳಲ್ಲಿ 10 ನಾಟ್, ಅಂದರೆ ಗಂಟೆಗೆ 18.5 ಕಿ.ಮೀ. ಮಿತಿ ಹಾಕಿತು. ಅದಕ್ಕೂ ಒಂದು ವರ್ಷ ಮೊದಲೇ ಬಾಸ್ಟನ್ ಬಂದರಿನ ಹಡಗುಮಾರ್ಗವನ್ನು 12 ಡಿಗ್ರಿ ತಿರುಗಿಸಿ, ತಿಮಿಂಗಿಲಗಳು ಕಿಕ್ಕಿರಿಯುವ ಜಾಗದಿಂದ ಆಚೆ ಸರಿಸಿದ್ದರು.

ದೌರ್ಬಲ್ಯ ಇರುವುದು ಆ 65 ಅಡಿಯಲ್ಲಿ. 2021ರ ಫೆಬ್ರುವರಿಯಲ್ಲಿ ಫ್ಲಾರಿಡಾ ತೀರದಲ್ಲಿ ಒಂದು ಮರಿಯನ್ನು ಕೊಂದದ್ದು 54 ಅಡಿಯ ಮೋಜಿನ ಮೀನುಗಾರಿಕೆ ದೋಣಿ. 35 ಅಡಿಯ ದೋಣಿಗಳಿಗೂ ಮಿತಿ ವಿಸ್ತರಿಸುವ ಪ್ರಸ್ತಾಪ 2022ರಲ್ಲಿ ಬಂತು, 2025ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಂಡರು.

ಚೇತರಿಕೆ ಯೋಜನೆ ಎನ್ನುತ್ತಾರಲ್ಲ, ಅದರಲ್ಲಿ ಏನಿರುತ್ತದೆ? (ಮೈಸೂರು)

ಅಮೆರಿಕದ ಕಾನೂನಿನ ಪ್ರಕಾರ ಮೂರು ಇರಲೇಬೇಕು: ಎಲ್ಲಿ ಏನು ಮಾಡಬೇಕು, ಯಾವ ಅಳತೆಗೋಲಿನಿಂದ ಗೆದ್ದೆವೆಂದು ತಿಳಿಯಬೇಕು, ಎಷ್ಟು ಕಾಲ ಮತ್ತು ಹಣ ಬೇಕು. ರೈಟ್ ತಿಮಿಂಗಿಲದ 2005ರ ಯೋಜನೆಯಲ್ಲಿನ ಅಳತೆಗೋಲುಗಳಲ್ಲೊಂದು ಹೀಗಿದೆ: ಸಂಖ್ಯೆ ಸರಾಸರಿ ವರ್ಷಕ್ಕೆ ಕನಿಷ್ಠ ಶೇ 2ರಂತೆ 35 ವರ್ಷ ಬೆಳೆಯಬೇಕು. ಅಂದರೆ ದುಪ್ಪಟ್ಟಾಗಬೇಕು. ಅದಾದರೂ ಕಾನೂನು ರಕ್ಷಿಸುವ ಪ್ರಭೇದಗಳ ಪಟ್ಟಿಯಿಂದ ಹೊರಬರುವುದಿಲ್ಲ, ಅಳಿವಿನಂಚಿನ ದರ್ಜೆಯಿಂದ ಒಂದು ಮೆಟ್ಟಿಲು ಇಳಿಯುತ್ತದೆ ಅಷ್ಟೇ.

ಮನುಷ್ಯರಿಂದ ಎಷ್ಟು ಸಾವು ತಾಳಬಹುದು ಎಂಬುದಕ್ಕೂ ಸೂತ್ರವಿದೆ. ಕನಿಷ್ಠ ಸಂಖ್ಯೆಯನ್ನು ಗರಿಷ್ಠ ಬೆಳವಣಿಗೆ ದರದ ಅರ್ಧದಿಂದ, ಆಮೇಲೆ ಎಚ್ಚರಿಕೆಯ ಗುಣಕದಿಂದ ಗುಣಿಸಬೇಕು. 364 × 0.02 × 0.1 = 0.73. ವರ್ಷಕ್ಕೆ ಒಂದು ಸಾವೂ ಹೆಚ್ಚು! ಇದನ್ನು ಓದಿದ ಮೇಲೆ 2022ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಲಾಬ್‌ಸ್ಟರ್ ಮೀನುಗಾರಿಕೆಯ ಹೊಸ ನಿಯಮಗಳನ್ನು 2028ರ ಕೊನೆಯವರೆಗೆ ತಡೆಹಿಡಿದದ್ದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂದು ಓದುಗರೇ ನೋಡಿಕೊಳ್ಳಲಿ. ಮೀನುಗಾರರ ಹೊಟ್ಟೆಪಾಡಿನ ಪ್ರಶ್ನೆ ನಿಜ. ಅದಕ್ಕೆ ಉತ್ತರ ಹೊಸ ಉಪಕರಣಕ್ಕೆ ಹಣ ಕೊಡುವುದು, ಗಡುವನ್ನು ಮುಂದೂಡುವುದಲ್ಲ. ಕೆನಡಾ ಸೇಂಟ್ ಲಾರೆನ್ಸ್‌ನಲ್ಲಿ ಬೇರೆ ದಾರಿ ಹಿಡಿದಿದೆ: ವಿಮಾನದಿಂದ ಅಥವಾ ನೀರೊಳಗಿನ ಮೈಕ್‌ನಿಂದ ಒಂದು ತಿಮಿಂಗಿಲ ಪತ್ತೆಯಾದರೂ ಸುತ್ತಲಿನ ಪ್ರದೇಶದಲ್ಲಿ 15 ದಿನ ಪಂಜರ ಬಂದ್.

ಬಾಸ್ಟನ್‌ನಲ್ಲಿದ್ದೇವೆ. ಸ್ನೇಹಿತರ ದೋಣಿಯಲ್ಲಿ ಹೋಗಿ ಹತ್ತಿರದಿಂದ ನೋಡಬಹುದೇ? (ಮ್ಯಾಸಚೂಸೆಟ್ಸ್)

ರೈಟ್ ತಿಮಿಂಗಿಲವನ್ನಾದರೆ 500 ಗಜದೊಳಗೆ ಹೋಗುವುದು ಅಪರಾಧ. ಡ್ರೋನ್‌ಗೂ ಇದೇ ನಿಯಮ. ಗೊತ್ತಿಲ್ಲದೆ ಹತ್ತಿರ ಬಂದಿದ್ದರೆ ನಿಧಾನವಾಗಿ ದೂರ ಸರಿಯಿರಿ.

ನಮ್ಮ ಕಡಲಲ್ಲಿ ಇಂಥ ಕಥೆ ಇದೆಯೇ? (ಹೊನ್ನಾವರ)

ಇದೆ, ಇನ್ನೂ ಸಣ್ಣ ಸಂಖ್ಯೆಯಲ್ಲಿ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇರೆಡೆಯ ಬಂಧುಗಳಂತೆ ಧ್ರುವದ ಕಡೆಗೆ ವಲಸೆ ಹೋಗದೆ ಇಲ್ಲೇ ಇರುತ್ತವೆ. ಓಮನ್ ತೀರದ ಅಂದಾಜು ನೂರಕ್ಕಿಂತ ಕಡಿಮೆ. 1960ರ ದಶಕದಲ್ಲಿ ಸೋವಿಯತ್ ನೌಕೆಗಳು ಕದ್ದು 242 ಹಂಪ್‌ಬ್ಯಾಕ್‌ಗಳನ್ನು ಕೊಂದಿದ್ದವು. 2017ರ ಕೊನೆಯಲ್ಲಿ ಓಮನ್‌ನಲ್ಲಿ ಉಪಗ್ರಹ ಸಾಧನ ಅಂಟಿಸಿದ ಲುಬಾನ್ ಎಂಬ ಹೆಣ್ಣು ಸಮುದ್ರ ದಾಟಿ ಗೋವಾ ಬಳಿ ಬಂದು, ದಕ್ಷಿಣಕ್ಕೆ ಕೇರಳದತ್ತ ಸಾಗಿತ್ತು. ಭಾರತದ ಪ್ರಭೇದ ಚೇತರಿಕೆ ಪಟ್ಟಿಯಲ್ಲಿ ಈ ತಿಮಿಂಗಿಲವೂ ಇದೆ.

ನಮ್ಮಲ್ಲಿ ಮೊದಲ ಕೊರತೆ ಮಾಹಿತಿಯದು. ದೋಣಿಯವರು ಕಂಡಾಗ ಸಮಯ, ಜಿಪಿಎಸ್ ಸ್ಥಾನ ಬರೆದುಕೊಂಡು, ಅದು ಮುಳುಗುವಾಗ ಎತ್ತುವ ಬಾಲದ ಅಡಿಭಾಗದ ಚಿತ್ರ ತೆಗೆಯಬೇಕು. ಅಲ್ಲಿನ ಕಪ್ಪು-ಬಿಳಿ ವಿನ್ಯಾಸ ಪ್ರತಿ ಹಂಪ್‌ಬ್ಯಾಕ್‌ಗೂ ಬೇರೆ ಬೇರೆ. ಬಲೆ ಸುತ್ತಿಕೊಂಡದ್ದು ಕಂಡರೆ ನೀರಿಗೆ ಹಾರಬೇಡಿ, ಹಿಂದೆ ಎಳೆದಾಡುವ ತುದಿಯನ್ನು ಕತ್ತರಿಸಲೂಬೇಡಿ. ಬಿಗಿದ ಸುತ್ತು ಮೈಮೇಲೆ ಉಳಿದು, ಬಿಡಿಸಲು ಬಂದವರಿಗೆ ಬುರುಡೆ ಕಟ್ಟಲು ಹಗ್ಗವೇ ಇರುವುದಿಲ್ಲ. ದೂರದಿಂದ ಜೊತೆಗಿದ್ದು ಅರಣ್ಯ ಇಲಾಖೆಗೆ ಸ್ಥಾನ ತಿಳಿಸಿ.